ಬಾಹ್ಯಾಕಾಶದ ಸಿನಿಮಾ ತೋರಿಸಿ ವಿಜ್ಞಾನ ಕಲಿಸಬೇಕು: ಯಾವ ದೃಶ್ಯ, ಯಾವ ಪ್ರಯೋಗ?

ಚಿತ್ತಾಪುರ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ 9ನೇ ತರಗತಿಯ 46 ಮಕ್ಕಳಿಗೆ ಬಾಹ್ಯಾಕಾಶದ ಕಥೆ ಇರುವ ಸಿನಿಮಾ ತೋರಿಸುವ ಯೋಚನೆ ಇದೆ. ಪ್ರೊಜೆಕ್ಟರ್, ಸ್ಪೀಕರ್ ಇವೆ. ಲ್ಯಾಬಿನಲ್ಲಿ ಗಾಜಿನ ಸಾಮಾನು ಅಷ್ಟಿಷ್ಟು ಇದೆ, ಗಾಳಿ ಎಳೆಯುವ ಪಂಪು ಮಾತ್ರ ಇಲ್ಲ. ಸಿನಿಮಾ ಮುಗಿದ ಕೂಡಲೇ ‘ಭಾಳ ಚಲೋ ಇತ್ತು’ ಅಂತ ಎದ್ದು ಹೋಗಬಾರದು. ಮಕ್ಕಳು ಕೈಯಾರೆ ಏನಾದರೂ ಮಾಡಬೇಕು, ಅಳೆಯಬೇಕು. ಯಾವ ದೃಶ್ಯಕ್ಕೆ ಯಾವ ಪ್ರಯೋಗ ಹೊಂದುತ್ತದೆ? ಇನ್ನೊಂದು ಅನುಮಾನ: ತಪ್ಪು ವಿಜ್ಞಾನ ಇರುವ ದೃಶ್ಯ ತೋರಿಸಿದರೆ ತಲೆಯಲ್ಲಿ ಆ ತಪ್ಪೇ ಉಳಿದುಬಿಡುವುದಿಲ್ಲವೇ?

ಕಲಬುರಗಿ ಭೌತಶಾಸ್ತ್ರ

ತಪ್ಪಿದ್ದ ದೃಶ್ಯ ಬಿಡಬ್ಯಾಡ್ರಿ ಸರ್, ಪಾಠ ಇರೋದೇ ಅಲ್ಲಿ. ಬಾಹ್ಯಾಕಾಶದಾಗ ನೌಕೆ ಸಿಡೀತದ, ಸ್ಪೀಕರಿನಾಗ ಢಂ ಅಂತದ. ಅಲ್ಲೇ ನಿಲ್ಲಿಸಿ, ಆ ಸಪ್ಪಳ ಯಾವ ಗಾಳಿ ಹಿಡಕೊಂಡು ಬಂತು ಅಂತ ಕೇಳ್ರಿ. ಆಮ್ಯಾಲ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಒಂದು ತುಣುಕು ಹಾಕ್ರಿ. ಅದರಾಗ ನೌಕೆ ಹೊರಗ ಇದ್ದಾಗ ಸಂಗೀತ ಇರ್ತದ, ಇಲ್ಲಾಂದ್ರ ಸೂಟಿನೊಳಗಿನ ಉಸಿರು, ಇಲ್ಲಾಂದ್ರ ಏನೂ ಇಲ್ಲ.

ಇದಕ್ಕ ಪಂಪು ಬೇಕಾಗಿಲ್ಲ. 500 ಮಿ.ಲೀ. ಹಿಡಿಯೋ, ದುಂಡು ತಳದ ಬೊರೊಸಿಲಿಕೇಟ್ (ಬಿಸಿ ತಡಿಯೋ ಗಾಜು) ಫ್ಲಾಸ್ಕ್ ತಗೋರಿ. ಒಂದು ತೂತಿನ ರಬ್ಬರ್ ಕಾರ್ಕಿನಾಗ ಸಣ್ಣ ಗಾಜಿನ ನಳಿಗಿ ತೂರಿಸಿ, ಮ್ಯಾಲಿನ ತುದಿಗೆ ರಬ್ಬರ್ ಪೈಪಿನ ತುಂಡು ಹಾಕಿ, ಅದಕ್ಕ ಬಿಗಿ ಕ್ಲಿಪ್ಪು ಸಿಗಿಸ್ರಿ. ಕೆಳಗಿನ ತುದಿಗೆ ದಾರದಿಂದ ಒಂದೇ ಒಂದು ಗೆಜ್ಜಿ ಇಳಿಬಿಡ್ರಿ. ಗೆಜ್ಜಿ ಗಾಜಿಗೆ ತಾಗಬಾರದು, ದಾರದ ಬದಲಿ ತಂತಿನೂ ಕಟ್ಟಬಾರದು. ತಂತಿ ಕಟ್ಟಿದ್ರ ಸಪ್ಪಳ ಅದರ ಮ್ಯಾಲಿಂದಲೇ ಹೊರಗ ಬರ್ತದ, ಮಕ್ಕಳು ‘ಕೇಳಸ್ತದಲ್ರಿ ಸರ್’ ಅಂತಾವ.

30 ಮಿ.ಲೀ. ನೀರು ಹಾಕಿ, ಕ್ಲಿಪ್ಪು ತೆರೆದಿಟ್ಟು ಕಾಸ್ರಿ. ಕೊತಕೊತ ಕುದಿಯಾಕ ಹತ್ತಿದ ಮ್ಯಾಲ 4 ನಿಮಿಷ ಬಿಡ್ರಿ, ಹಬಿ ಒಳಗಿನ ಗಾಳೀನ ದೂಡಿ ಹೊರಗ ಹಾಕ್ತದ. ಮೊದಲು ಉರಿ ಆರಿಸ್ರಿ, ಆಮ್ಯಾಲ ಕ್ಲಿಪ್ಪು ಬಿಗೀರಿ. ಇದು ಹಿಂದ-ಮುಂದ ಆತಂದ್ರ ಹಬಿಗೆ ಹಾದಿ ಇರಂಗಿಲ್ಲ, ಫ್ಲಾಸ್ಕ್ ಸಿಡೀತದ. ಈ ಕೆಲಸ ಮಕ್ಕಳ ಕೈಗೆ ಕೊಡಬ್ಯಾಡ್ರಿ. ನೀವು ಕನ್ನಡಕ ಹಾಕ್ಕೋರಿ, ಮಕ್ಕಳು ಎರಡು ಮೀಟರ್ ದೂರ ಕೂಡ್ಲಿ. ಚಪ್ಪಟೆ ತಳದ ಫ್ಲಾಸ್ಕ್ ಬ್ಯಾಡೇ ಬ್ಯಾಡ, ಒಳಗ ಗಾಳಿ ಇಲ್ದಾಗ ಹೊರಗಿನ ಒತ್ತಡಕ್ಕ ಅದು ಒಳಮುಖ ಒಡೀತದ.

ಐದು ನಿಮಿಷ ಹಂಗೇ ಆರಲಿಕ್ಕ ಬಿಟ್ಟು, ಆಮ್ಯಾಲ ಒದ್ದಿ ಬಟ್ಟಿ ಸುತ್ತಿ ತಣ್ಣಗ ಮಾಡ್ರಿ. ಬಿಸಿ ಗಾಜಿನ ಮ್ಯಾಲ ನೇರ ನೀರು ಸುರಿಬ್ಯಾಡ್ರಿ. 30 ಡಿಗ್ರಿಗೆ ಇಳಿದ್ರ ಒಳಗ ಉಳಿಯೋದು ನೀರಾವಿ ಒತ್ತಡ ಅಷ್ಟೇ, ಹೊರಗಿನ ಗಾಳಿ ಒತ್ತಡದ ನೂರಕ್ಕ 4ರಷ್ಟು. ಖೋಲಿ 40 ಡಿಗ್ರಿ ಇದ್ರ ಅದೇ 7 ಆಗ್ತದ. ಅದಕ್ಕ ಮುಂಜಾನಿನೇ ಮಾಡ್ರಿ, ಬಟ್ಟಿ ಮಣ್ಣಿನ ಕೊಡದ ನೀರಾಗ ಅದ್ರಿ. ಈಗ ಅಲುಗಾಡಿಸಿದ್ರ ಗೆಜ್ಜಿ ಕುಣಿಯೋದು ಕಾಣ್ತದ, ಸಪ್ಪಳ ಮಾತ್ರ ಭಾಳ ಕಡಿಮಿ. ಕ್ಲಿಪ್ಪು ಬಿಟ್ರ ಗಾಳಿ ಸುಂಯ್ ಅಂತ ಒಳಗ ನುಗ್ತದ, ಮತ್ತ ಅಲುಗಾಡಿಸ್ರಿ, ಘಲ್ ಅಂತದ. ಸಪ್ಪಳ ಪೂರ್ತಿ ಸೊನ್ನೆ ಆಗಂಗಿಲ್ಲ ಅಂತ ಮೊದಲೇ ಹೇಳಿಬಿಡ್ರಿ. ಎಷ್ಟು ಉಳೀತು, ಯಾಕ ಉಳೀತು ಅಂತ ಅವರೇ ಹುಡುಕಲಿ.

ಯಾದಗಿರಿ ಟೀಚರ್

ಪ್ರಯೋಗ ಒಪ್ಪಿದೆ. ‘ಅಲ್ಲೇ ನಿಲ್ಲಿಸ್ರಿ’ ಅನ್ನುವುದನ್ನು ಮಾತ್ರ ಒಪ್ಪಲಾರೆ. ಮೊದಲ ಸಲ ಸಿನಿಮಾ ತುಂಡು ಮಾಡಬೇಡಿ. ಕಥೆಯೊಳಗೆ ಇಳಿದ ಮಗುವನ್ನು ಹತ್ತು ನಿಮಿಷಕ್ಕೊಮ್ಮೆ ಎಬ್ಬಿಸಿದರೆ ಅದಕ್ಕೆ ಕಥೆಯೂ ದಕ್ಕುವುದಿಲ್ಲ, ಪ್ರಶ್ನೆಯೂ ಹುಟ್ಟುವುದಿಲ್ಲ. ಪೂರ್ತಿ ತೋರಿಸಿ, ಮರುದಿನ ಮೂರು ನಿಮಿಷದ ತುಣುಕು ಮಾತ್ರ ಮತ್ತೆ ಹಾಕಿ.

ಆ ತುಣುಕಿಗೆ ನನ್ನ ಆಯ್ಕೆ 2015ರ ‘ದಿ ಮಾರ್ಷಿಯನ್’ ಚಿತ್ರದ ಬಿರುಗಾಳಿ. ಮಂಗಳನ ಗಾಳಿ ರಾಕೆಟ್ಟನ್ನೇ ವಾಲಿಸುತ್ತದೆ. ಆದರೆ ಅಲ್ಲಿಯ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 0.02 ಕೆ.ಜಿ., ನಮ್ಮದು 1.2. ಅರುವತ್ತು ಪಟ್ಟು ವ್ಯತ್ಯಾಸ. ಗಾಳಿಯ ಹೊಡೆತ ಸಾಂದ್ರತೆಗೂ ವೇಗದ ವರ್ಗಕ್ಕೂ ತಕ್ಕಂತೆ ಏರುತ್ತದೆ, ಹಾಗಾಗಿ ಮಂಗಳನ ಗಾಳಿಯ ವೇಗವನ್ನು 60ರ ವರ್ಗಮೂಲದಿಂದ ಭಾಗಿಸಿದರೆ ಆಯಿತು. ಮಂಗಳನಲ್ಲಿ ಗಂಟೆಗೆ 160 ಕಿ.ಮೀ. ವೇಗದ ಬಿರುಗಾಳಿಯ ಹೊಡೆತ ನಮ್ಮಲ್ಲಿಯ 21 ಕಿ.ಮೀ. ಗಾಳಿಯಷ್ಟೇ. ಮೈದಾನದಲ್ಲಿ 100 ಮೀಟರ್ ಅಳೆದು ಗೆರೆ ಹಾಕಿ, ಮಕ್ಕಳು ಅದನ್ನು ಸೈಕಲ್ ಮೇಲೆ 18 ಸೆಕೆಂಡಿನಲ್ಲಿ ದಾಟಲಿ. ಅದು ಗಂಟೆಗೆ 20 ಕಿ.ಮೀ. ಆಗ ಮುಖಕ್ಕೆ ಬಡಿಯುವುದೇ ಮಂಗಳನ ಬಿರುಗಾಳಿ. ಗಾಳಿ ಬೀಸದ ಹೊತ್ತು ನೋಡಿ ಮಾಡಿಸಿ, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ.

ಎರಡನೆಯದು, ಭೂಮಿಯಿಂದ ಮಂಗಳನಲ್ಲಿರುವವರ ಜೊತೆ ಫೋನಿನಲ್ಲಿ ಮಾತಾಡಿದಂತೆ ಮಾತಾಡುವ ದೃಶ್ಯಗಳು. ರೇಡಿಯೊ ಸಂಕೇತ ಅಲ್ಲಿಗೆ ತಲುಪಲು, ಗ್ರಹಗಳು ಎಲ್ಲಿವೆ ಎನ್ನುವುದರ ಮೇಲೆ, 3ರಿಂದ 22 ನಿಮಿಷ ಬೇಕು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರುವಾಗ ಅದು ಸುಮಾರು 12 ನಿಮಿಷ ಇತ್ತು. ಅದಕ್ಕೇ ಆದೇಶಗಳನ್ನೆಲ್ಲ ಮುಂಚೆಯೇ ನೌಕೆಗೆ ತುಂಬಿಸಿಟ್ಟಿದ್ದರು.

ಆಟ ಹೀಗೆ: ಒಂದು ಕೋಣೆ ಭೂಮಿ, ಇನ್ನೊಂದು ಮಂಗಳ. ಮಂಗಳದ ಕೋಣೆಯಲ್ಲಿ ನೆಲದ ಶಹಾಬಾದ್ ಪರ್ಸಿಗಳೇ ಚೌಕ, ಅಡ್ಡಲಾಗಿ ಇಟ್ಟ ಶಾಲಾ ಚೀಲಗಳೇ ಬಂಡೆ. ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬ ಹುಡುಗ ರೋವರ್. ಚೀಟಿ ಓದಿ ಹೇಳಲು, ಆಗಿದ್ದನ್ನು ಬರೆಯಲು ಪಕ್ಕದಲ್ಲಿ ಒಬ್ಬಳು. ಭೂಮಿಯವರ ಕೈಯಲ್ಲಿ ಕೋಣೆಯ ನಕ್ಷೆ. ಬಾಗಿಲಲ್ಲಿ ನಿಂತ ಇಬ್ಬರು ಗಡಿಯಾರ ನೋಡಿಕೊಂಡು ಪ್ರತಿ ಚೀಟಿಯನ್ನೂ 3 ನಿಮಿಷ ತಡೆದು ಕೊಡಬೇಕು. ಮೊದಮೊದಲು ಒಂದು ಚೀಟಿಗೆ ಒಂದೇ ಹೆಜ್ಜೆ ಬರೆಯುತ್ತಾರೆ. ಹೋಗಿ ಬರಲು 6 ನಿಮಿಷ, ಐದು ಹೆಜ್ಜೆಗೆ ಅರ್ಧ ಗಂಟೆ. ಆಮೇಲೆ ಇಡೀ ದಾರಿಯನ್ನೇ ಒಂದು ಚೀಟಿಯಲ್ಲಿ ಬರೆಯುತ್ತಾರೆ. ಆಗ ನೀವು ಸದ್ದಿಲ್ಲದೆ ಒಂದು ಚೀಲ ಜರುಗಿಸಿ. ರೋವರ್ ಎಡವಿದ ಮೇಲೆ, ‘ಅದಕ್ಕೇ ಕಣ್ಣು ಬೇಕ್ರಿ ಮಿಸ್’ ಅನ್ನುವ ಮಾತು ತಾನಾಗಿ ಬರುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ತನ್ನ ಸಂವೇದಕಗಳನ್ನು ನಂಬಿಯೇ ಇಳಿಯಿತು ಎಂದು ಹೇಳಲು ಅದೇ ಹೊತ್ತು. ಚಂದ್ರನಿಗೆ ತಡ ಬರೀ 1.3 ಸೆಕೆಂಡ್, ಅಷ್ಟಕ್ಕೂ ಇಲ್ಲಿಂದ ಕೈಹಿಡಿದು ಇಳಿಸಲು ಆಗುವುದಿಲ್ಲ.

ಬೀದರ್ ಕೆಮ್ಮಣ್ಣು

ಟೀಚರ್ ಹೇಳಿದ ಅದೇ ಚಿತ್ರದಲ್ಲಿ ಒಂದು ಅಪಾಯವೂ ಇದೆ. ನಾಯಕ ರಾಕೆಟ್ ಇಂಧನವಾದ ಹೈಡ್ರಜೀನ್‌ನಿಂದ ಹೈಡ್ರೋಜನ್ ತೆಗೆದು, ಸುಟ್ಟು ನೀರು ಮಾಡುತ್ತಾನೆ. ರಸಾಯನ ಸರಿ, ಆದರೆ ಅದನ್ನು ನೋಡಿದ ಮಕ್ಕಳು ಬಾಟಲಿಯಲ್ಲಿ ಹೈಡ್ರೋಜನ್ ತುಂಬಲು ಹೊರಡುತ್ತಾರೆ. ಸತು ಮತ್ತು ಆಮ್ಲದ ಪ್ರಯೋಗ ಒಂದು ಪ್ರನಾಳ ಅನಿಲಕ್ಕೇ ನಿಲ್ಲಲಿ. ‘ಪಾಪ್’ ಸದ್ದು ಬಂದರೆ ಸಾಕು.

ಬದಲಿಗೆ ಮಣ್ಣು ತರಿಸಿ. ಮಂಗಳ ಕೆಂಪಗಿರುವುದು ಕಬ್ಬಿಣದ ಆಕ್ಸೈಡಿನಿಂದ, ಬೀದರಿನ ಜಂಬಿಟ್ಟಿಗೆಯ ಬಣ್ಣಕ್ಕೂ ಅದೇ ಕಾರಣ. ಜಂಬಿಟ್ಟಿಗೆ ಕಲ್ಲು ಮುರಿದರೆ ಒಳಗೆ ಹಳದಿ ತೇಪೆ ಕಾಣುತ್ತವೆ. ಆ ಹಳದಿ ಪುಡಿ ಎರಡು ಚಮಚ ಕೆರೆದು, ಹಳೇ ಕಬ್ಬಿಣದ ಹಂಚಿನ ಮೇಲೆ ತೆಳ್ಳಗೆ ಹರಡಿ, ಜೋರು ಉರಿಯಲ್ಲಿ ಕಾಯಿಸಿ. ಅದರಲ್ಲಿರುವ ಗೋಥೈಟ್ ಎಂಬ ಹಳದಿ ಕಬ್ಬಿಣದ ಖನಿಜ 300 ಡಿಗ್ರಿ ಹತ್ತಿರ ನೀರಿನಂಶ ಬಿಟ್ಟು ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಆಕ್ಸೈಡ್ ಆಗುತ್ತದೆ, ಹಳದಿ ಕಣ್ಣೆದುರೇ ಕೆಂಪಾಗುತ್ತದೆ. ದಪ್ಪ ಹರಡಿದರೆ ಮೇಲಿನದು ಹಾಗೇ ಉಳಿಯುತ್ತದೆ. ಹೋಲಿಸಲು ಕಾಯಿಸದ ಪುಡಿ ಒಂದು ಚಿಟಿಕೆ ಪಕ್ಕದಲ್ಲಿಡಿ. ‘ಕಬ್ಬಿಣ ಇದ್ದರೆ ಆಯಸ್ಕಾಂತಕ್ಕೆ ಯಾಕೆ ಅಂಟಲಿಲ್ಲ’ ಎಂದು ಕೇಳೇ ಕೇಳುತ್ತಾರೆ: ಹೆಮಟೈಟಿಗೆ ಆಯಸ್ಕಾಂತದ ಸೆಳೆತ ತೀರಾ ಕಡಿಮೆ.

ಸಿನಿಮಾದ ನಾಯಕ ಮಂಗಳನ ಮಣ್ಣಲ್ಲಿ ಆಲೂಗಡ್ಡೆ ಬೆಳೆಯುತ್ತಾನಲ್ಲ, ಆ ಮಾತಿಗೆ ಒಂದು ಸೇರಿಸಿ. 2008ರಲ್ಲಿ ನಾಸಾದ ಫೀನಿಕ್ಸ್ ನೌಕೆ ಮಂಗಳನ ಮಣ್ಣಲ್ಲಿ ಪರ್ಕ್ಲೋರೇಟ್ ಲವಣ ಕಂಡಿತು. ಅದನ್ನು ತೊಳೆದು ತೆಗೆಯದೆ ಬೆಳೆದದ್ದು ತಿನ್ನುವ ಹಾಗಿಲ್ಲ.

ಚಿತ್ತಾಪುರ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಟೀಚರ್ ಹೇಳಿದ ಹಾಗೆ ಪೂರ್ತಿ ಸಿನಿಮಾ ಒಂದು ದಿನ, ತುಣುಕು ಮರುದಿನ. ಇನ್ನೊಂದು ಕೇಳುವುದಿತ್ತು: ಗಾಲಿಯಂತೆ ತಿರುಗುವ ನೌಕೆಯೊಳಗೆ ಜನ ನಡೆದಾಡುತ್ತಾರಲ್ಲ, ಅದು ನಿಜವೇ?

ಕಲಬುರಗಿ ಭೌತಶಾಸ್ತ್ರ

ನಿಜ ಅದ ಸರ್, ಗಾಲಿ ದೊಡ್ಡದಿರಬೇಕು ಅಷ್ಟೇ. ಒಂದು ಸುತ್ತಿಗೆ ಎಷ್ಟು ಸೆಕೆಂಡ್ ಅಂದ್ರ, ತ್ರಿಜ್ಯ ಮೀಟರಿನಾಗ ಹಿಡಿದು, ಅದರ ವರ್ಗಮೂಲದ ಎರಡು ಪಟ್ಟು. ಅಷ್ಟು ಜೋರು ತಿರುಗಿದ್ರ ಭೂಮಿ ಮ್ಯಾಲಿನಷ್ಟೇ ತೂಕ ಅನಸ್ತದ. 5 ಮೀಟರ್ ತ್ರಿಜ್ಯಕ್ಕ ನಾಲ್ಕೂವರಿ ಸೆಕೆಂಡ್, ತಲಿ ತಿರುಗ್ತದ. ಮ್ಯಾಲ ಅಲ್ಲಿ 1.6 ಮೀಟರ್ ಎತ್ತರದವರ ತಲಿ ಹತ್ರ ಸೆಳೆತ ಪಾದದಾಗಿನ ನೂರಕ್ಕ 68 ಅಷ್ಟೇ. 225 ಮೀಟರ್ ಇದ್ರ 30 ಸೆಕೆಂಡಿಗೊಂದು ಸುತ್ತು, ಆರಾಮ.

ತಂಬಿಗಿ ಒಳಗ ಅರ್ಧ ನೀರು ಹಾಕಿ, ಕುತ್ತಿಗಿಗೆ ಹಗ್ಗ ಬಿಗಿದು, ಮ್ಯಾಲ-ಕೆಳಗ ತಿರುಗಿಸ್ರಿ. ಇಲ್ಲೂ ಅದೇ ಲೆಕ್ಕ. ತಿರುಗೋ ನಡುವಿನಿಂದ ನೀರಿನ ತನಕ 1 ಮೀಟರ್ ಇದ್ರ 10 ಸುತ್ತಿಗೆ 20 ಸೆಕೆಂಡ್, ಅದಕ್ಕಿಂತ ನಿಧಾನ ಆದ್ರ ನೀರು ತಲಿ ಮ್ಯಾಲ. ನಿಲ್ಲಿಸುವಾಗ ಮ್ಯಾಲ ನಿಲ್ಲಿಸಬ್ಯಾಡ್ರಿ, ತಂಬಿಗಿ ಕೆಳಗ ಬಂದಾಗ ಹಿಡೀರಿ. ಹಿತ್ತಾಳಿ ತಂಬಿಗಿ ಆದ್ರ ಗಂಟು ಎರಡು ಸಲ ಜಗ್ಗಿ ನೋಡ್ರಿ, ಸುತ್ತು ನಿಂತವರನ್ನ ಮೂರು ಮೀಟರ್ ಹಿಂದಕ್ಕ ಸರಿಸ್ರಿ.