ಟಿವಿ ಆನ್ ದ ರೇಡಿಯೋ: ಆ ಗೊರಗೊರ ಎಲ್ಲಿ ಹೋಯ್ತು?

ಹಳೇಸ್ಪೀಕರ್:
ಬ್ರೂಕ್ಲಿನ್‌ನ ಈ ರಾಕ್ ತಂಡದ ಹುಚ್ಚು ನನಗೆ ಹತ್ತಿದ್ದು 2006ರ 'ರಿಟರ್ನ್ ಟು ಕುಕಿ ಮೌಂಟನ್' ಆಲ್ಬಂನಿಂದ. ಮೊದಲ ಹಾಡು 'ಐ ವಾಸ್ ಎ ಲವರ್' ಶುರುವಾದಾಗ ಇಯರ್‌ಫೋನ್ ವೈರ್ ಕಿತ್ತಿದೆ ಅಂದುಕೊಂಡು ಪಿನ್ ತಿರುಗಿಸಿ ತಿರುಗಿಸಿ ನೋಡಿದ್ದೆ. ಆ ಹಾಡೇ ಹಾಗೆ! ಕಹಳೆಯಂಥ ಸದ್ದು ತಡವರಿಸುತ್ತಾ ಬರುತ್ತದೆ, ಮೇಲೆ ಗಿಟಾರಿನ ಗೊರಗೊರ. ಆ ಕೊಳಕಿಗೇ ನಾನು ಮನಸೋತಿದ್ದು.

2008ರ 'ಡಿಯರ್ ಸೈನ್ಸ್' ಮಾತ್ರ ಈಗ ಈ ವಾರ ಕೇಳಿದೆ. ಎಲ್ಲ ತೊಳೆದಿಟ್ಟ ಹಾಗಿದೆ. 'ಗೋಲ್ಡನ್ ಏಜ್' ಹಾಕಿದರೆ ಕಾಲು ತಾನಾಗೇ ಕುಣಿಯುತ್ತದೆ. ಚೆನ್ನಾಗಿಲ್ಲ ಅಂತಲ್ಲ. ಪ್ರಯೋಗ ಸಾಕು, ಇನ್ನು ಹಿಟ್ ಕೊಡೋಣ ಅಂತ ಹೊರಟರಾ?

ರಾತ್ರಿಪಾಳಿ:
ದೊಡ್ಡ ಲೇಬಲ್ (ರೆಕಾರ್ಡ್ ಕಂಪನಿ) ಸೇರಿದರು, ಸದ್ದು ನುಣುಪಾಯ್ತು. ಇದರಲ್ಲಿ ಗುಟ್ಟೇನಿದೆ?

ದಪ್ಪತಂತಿ:
ಲೆಕ್ಕ ಕೂಡಲ್ಲ. ಅಮೆರಿಕದಲ್ಲಿ ಇಂಟರ್‌ಸ್ಕೋಪ್ ಅನ್ನೋ ಆ ದೊಡ್ಡ ಲೇಬಲ್‌ನಿಂದ ಬಂದ ಇವರ ಮೊದಲ ಆಲ್ಬಂ ಅದೇ 'ಕುಕಿ ಮೌಂಟನ್', ಅಂದರೆ ಇಯರ್‌ಫೋನ್ ಮೇಲೆ ಅನುಮಾನ ತಂದಿದ್ದು! ಎರಡಕ್ಕೂ ಪ್ರೊಡ್ಯೂಸರ್ ಕೂಡ ಒಬ್ಬರೇ, ತಂಡದವರೇ ಆದ ಡೇವ್ ಸಿಟೆಕ್. ಹೊರಗಿನವರು ಬಂದು ಗುಡಿಸಿದ್ದಲ್ಲ.

ನಾನು ಮನೆಯಲ್ಲೇ ಹಾಡು ಮಿಕ್ಸ್ ಮಾಡುತ್ತೇನೆ, ಹಾಗಾಗಿ ಈ ಜಗಳ ನನಗೆ ದಿನಾ ಇದ್ದದ್ದೇ. ಫಜ್ (ಸದ್ದನ್ನು ಬೇಕೆಂದೇ ಒಡೆದು ಗೊರಗೊರ ಮಾಡುವ ಎಫೆಕ್ಟ್) ಹಾಕಿದ ಗಿಟಾರ್ 1ರಿಂದ 4 ಕಿಲೋಹರ್ಟ್ಸ್ ಜಾಗದಲ್ಲಿ ಕಾಲು ಚಾಚಿ ಮಲಗಿಬಿಡುತ್ತದೆ. ಹಾಡುವವರ ಮಾತು ಬಿಡಿಬಿಡಿಯಾಗಿ ಕೇಳಬೇಕಾದ ಜಾಗವೂ ಅದೇ. 'ಕುಕಿ ಮೌಂಟನ್'ನಲ್ಲಿ ತಂಡದ ಗಾಯಕರಾದ ಟುಂಡೆ ಅಡೆಬಿಂಪೆ, ಕಿಪ್ ಮಲೋನ್ ದನಿಗಳು ಮಂಜಿನೊಳಗಿಂದ ಬಂದ ಹಾಗಿರುವುದು ಇದಕ್ಕೇ. 'ಪ್ರಾವಿನ್ಸ್' ಹಾಡಿಗೆ ಬ್ರಿಟನ್ನಿನ ಖ್ಯಾತ ರಾಕ್ ಗಾಯಕ ಡೇವಿಡ್ ಬೋವಿ ದನಿಗೂಡಿಸಿದ್ದಾರೆ. ನನಗದು ಹೊಳೆದದ್ದು ಮೂರನೇ ಸಲ ಕೇಳಿದಾಗ. ಬೋವಿಯನ್ನೇ ಮರೆಯಲ್ಲಿ ನಿಲ್ಲಿಸೋ ಧೈರ್ಯ ನೋಡಿ!

'ಡಿಯರ್ ಸೈನ್ಸ್'ನಲ್ಲಿ ಗಿಟಾರನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಿದ್ದಾರೆ, ಅಷ್ಟೆ. 'ಹಾಫ್‌ವೇ ಹೋಮ್' ಇನ್ನೊಮ್ಮೆ ಹಾಕಿ. ಚಪ್ಪಾಳೆ, 'ಬ ಬ ಬ' ಅನ್ನೋ ಗುನುಗು ಬಿಟ್ಟು ಕೆಳಗಡೆಗೆ ಕಿವಿ ಕೊಡಿ. ಗಿಟಾರ್ ಒಂದೇ ಸಮ ಗುಂಯ್‌ಗುಡುತ್ತಿದೆ ಅಲ್ವಾ?

'ಫ್ಯಾಮಿಲಿ ಟ್ರೀ'ಯ ಪಿಟೀಲುಗಳು ಮಾತ್ರ ನನಗೆ ಸಿಹಿ ಜಾಸ್ತಿ ಆಯ್ತು.

ರಾತ್ರಿಪಾಳಿ:
ಲೇಬಲ್ ಮಾತು ವಾಪಸ್ ತಗೊಂಡೆ. ಆದರೆ ಕೊಳಕೇ ಇವರ ಗುರುತು ಅನ್ನೋದನ್ನೂ ಒಪ್ಪಲ್ಲ. 2004ರ ಆಲ್ಬಂನಲ್ಲಿ 'ಆಂಬ್ಯುಲೆನ್ಸ್' ಅಂತ ಒಂದಿದೆ, ವಾದ್ಯವೇ ಇಲ್ಲದೆ ಬರೀ ಬಾಯಲ್ಲೇ ಕಟ್ಟಿದ ಹಾಡು. ಅಲ್ಲಿ ಎಲ್ಲಿದೆ ಗೊರಗೊರ?

ಹಳೇಸ್ಪೀಕರ್:
ನಿನ್ನೆ ರಾತ್ರಿ ದೀಪ ಆರಿಸಿ 'ಡಿಯರ್ ಸೈನ್ಸ್' ಮತ್ತೆ ಪೂರ್ತಿ ಕೇಳಿದೆ. 'ಡಿಎಲ್‌ಝಡ್' ಹತ್ತಿರ ಎದ್ದು ಕೂತೆ. ದನಿ ತಣ್ಣಗೆ ಶುರುವಾಗಿ ಕೊನೆಗೆ ಕೂಗಾಟದ ಹತ್ತಿರ ಹೋಗುತ್ತದೆ, ಒಂದು ಪದವೂ ತಪ್ಪಿಹೋಗಲ್ಲ. ಆ ಸಿಟ್ಟು ಫಜ್ ಹಿಂದೆ ಇದ್ದಿದ್ದರೆ ನಾನು ಗಿಟಾರ್ ಕೇಳಿ ಖುಷಿಪಟ್ಟು ಸುಮ್ಮನಾಗುತ್ತಿದ್ದೆ.

ದಪ್ಪತಂತಿ, 'ಫ್ಯಾಮಿಲಿ ಟ್ರೀ' ವಿಷಯದಲ್ಲಿ ಮಾತ್ರ ನಿಮ್ಮ ಜೊತೆ ಜಗಳ ಇದೆ. ಇಡೀ ಆಲ್ಬಂನಲ್ಲಿ ನನಗೆ ಮೊದಲು ಹಿಡಿಸಿದ್ದೇ ಅದು.