ಹಿಟ್ಲರ್‌ಗೆ ಗುದ್ದೋ ಆ ಕಾಮಿಕ್ಸ್ ಕವರ್ ಸರ್ಕಾರ ಹೇಳಿ ಬರೆಸಿದ್ದಾ?

ಮಸಿಕುಡಿಕೆ:
ಎಲ್ರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದಲ್ಲಿ ಬರ್ತಿದ್ದ ಕಾಮಿಕ್ಸ್ ಬಗ್ಗೆ ಒಂದು ಡೌಟು. ಕ್ಯಾಪ್ಟನ್ ಅಮೆರಿಕ ಮೊದಲ ಸಂಚಿಕೆಯ ಮುಖಪುಟ ನೀವೆಲ್ಲ ನೋಡಿರ್ತೀರ, ಹಿಟ್ಲರ್ ದವಡೆಗೆ ಸರಿಯಾಗಿ ಒಂದು ಗುದ್ದು ಬೀಳ್ತಿರುತ್ತೆ, ಸುತ್ತ ನಾಜಿ ಸೈನಿಕರು ಗುಂಡು ಹಾರಿಸ್ತಿರ್ತಾರೆ. ಇದು ಅಮೆರಿಕ ಯುದ್ಧಕ್ಕೆ ಇಳಿದ ಮೇಲೆ ಸರ್ಕಾರ ದುಡ್ಡು ಕೊಟ್ಟು ಮಾಡಿಸಿದ ಪ್ರೊಪಗಾಂಡಾ ಅಂತಾನೇ ಇಷ್ಟು ದಿನ ನಂಬಿದ್ದೆ. ಆದ್ರೆ ತಾರೀಕು ನೋಡಿದ್ರೆ ಕವರ್ ಮೇಲೆ ಮಾರ್ಚ್ 1941 ಅಂತಿದೆ, ಅಮೆರಿಕವನ್ನ ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ಮೇಲಿನ ಜಪಾನ್ ದಾಳಿ ಆಗಿದ್ದು 1941ರ ಡಿಸೆಂಬರ್ 7ಕ್ಕೆ. ಅಂದ್ರೆ ದೇಶ ಇನ್ನೂ ಯುದ್ಧದಲ್ಲೇ ಇರ್ಲಿಲ್ಲ! ಹಾಗಾದ್ರೆ ಇದನ್ನ ಮಾಡ್ಸಿದ್ದು ಯಾರು, ಸರ್ಕಾರನಾ, ಕಂಪನಿನಾ, ಇಲ್ಲ ಬರೆದವರೇನಾ? ಆಮೇಲೆ ಇನ್ನೊಂದು, ಮನೇಲಿ ಕೂತು ಓದ್ತಿದ್ದ ಮಕ್ಕಳ ಮೇಲೆ ಇದರಿಂದ ನಿಜವಾಗ್ಲೂ ಏನಾದ್ರೂ ಆಯ್ತಾ, ಅಥ್ವಾ ಬರೀ ಚಿತ್ರ ನೋಡಿ ಖುಷಿಪಟ್ಟು ಸುಮ್ನಾದ್ರಾ? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ಹಳೇಸಂಚಿಕೆ:
ಒಳ್ಳೇ ಪ್ರಶ್ನೆ. ಆ ಸಂಚಿಕೆ ಅಂಗಡಿಗೆ ಬಂದಿದ್ದು ಇನ್ನೂ ಮುಂಚೆ, 1940ರ ಡಿಸೆಂಬರ್‌ನಲ್ಲೇ, ಯಾಕಂದ್ರೆ ಆಗ ಕವರ್ ಮೇಲೆ ಎರಡು ಮೂರು ತಿಂಗಳು ಮುಂದಿನ ತಾರೀಕು ಹಾಕೋದು ರೂಢಿ. ಅಂದ್ರೆ ಪರ್ಲ್ ಹಾರ್ಬರ್‌ಗಿಂತ ಹತ್ತಿರತ್ತಿರ ಒಂದು ವರ್ಷ ಮೊದಲು. ಸರ್ಕಾರ ಹೇಳಿದ್ದು ಅಂತೂ ಅಲ್ಲವೇ ಅಲ್ಲ. ಕ್ಯಾಪ್ಟನ್ ಅಮೆರಿಕನ್ನ ಹುಟ್ಟುಹಾಕಿದ್ದು ಜೋ ಸೈಮನ್, ಜ್ಯಾಕ್ ಕರ್ಬಿ ಅಂತ ಇಬ್ಬರು, ಇಬ್ಬರೂ ಯಹೂದಿ ಮನೆತನದವರು, ಕರ್ಬಿಯ ಹುಟ್ಟು ಹೆಸರು ಜೇಕಬ್ ಕರ್ಟ್ಸ್‌ಬರ್ಗ್. ಯುರೋಪಲ್ಲಿ ತಮ್ಮವರಿಗೆ ಏನಾಗ್ತಿದೆ ಅಂತ ಅವರಿಗೆ ಗೊತ್ತಿತ್ತು, ಆದ್ರೆ ಸುತ್ತಲಿನ ಅಮೆರಿಕ ಮಾತ್ರ ನಮಗ್ಯಾಕೆ ಆ ಜಗಳ ಅಂತ ಕೂತಿತ್ತು. ಅಷ್ಟೇ ಅಲ್ಲ, ನ್ಯೂಯಾರ್ಕ್‌ನಲ್ಲೇ ಹಿಟ್ಲರ್ ಪರ ಇದ್ದೋರು ಕಮ್ಮಿ ಏನಿರ್ಲಿಲ್ಲ, 1939ರ ಫೆಬ್ರವರಿಯಲ್ಲಿ ಜರ್ಮನ್ ಅಮೆರಿಕನ್ ಬುಂಡ್ ಅನ್ನೋ ಸಂಘಟನೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಭೆ ಮಾಡಿದಾಗ ಸುಮಾರು 20,000 ಜನ ಸೇರಿದ್ರು. ಅಂಥ ಊರಲ್ಲಿ ಕೂತು ಈ ಚಿತ್ರ ಬರೆಯೋಕೆ ಎದೆ ಬೇಕು. ಸೈಮನ್ ಆಮೇಲೆ ಹೇಳಿರೋ ಪ್ರಕಾರ ಬೆದರಿಕೆ ಪತ್ರಗಳು, ಫೋನುಗಳು ಬಂದು ಪೊಲೀಸ್ ಕಾವಲು ಹಾಕೋ ಹಾಗಾಯ್ತು, ಮೇಯರ್ ಲಾ ಗಾರ್ಡಿಯಾ ತಾನೇ ಫೋನ್ ಮಾಡಿ ಧೈರ್ಯ ಹೇಳಿದ್ರಂತೆ.

ಇದಕ್ಕೂ ಮುಂಚೆ ಸೂಪರ್‌ಮ್ಯಾನ್ ಆ ಕೆಲಸ ಮಾಡಿದ್ದ. 1940ರ ಫೆಬ್ರವರಿಯಲ್ಲಿ ಲುಕ್ ಪತ್ರಿಕೆಗೆ ಅಂತ ಎರಡು ಪುಟದ ಕಥೆ, ಅದರಲ್ಲಿ ಸೂಪರ್‌ಮ್ಯಾನ್ ಹಿಟ್ಲರ್‌ನನ್ನೂ ಸ್ಟಾಲಿನ್‌ನನ್ನೂ ಕೊರಳಪಟ್ಟಿ ಹಿಡಿದು ಎತ್ಕೊಂಡು ಹೋಗಿ ಜಿನೀವಾದಲ್ಲಿ ಲೀಗ್ ಆಫ್ ನೇಷನ್ಸ್ ಅನ್ನೋ ಆಗಿನ ರಾಷ್ಟ್ರಗಳ ಒಕ್ಕೂಟದ ಮುಂದೆ ನಿಲ್ಲಿಸ್ತಾನೆ. ಅದನ್ನ ನೋಡಿ ಎಸ್ಸೆಸ್ ಅನ್ನೋ ನಾಜಿ ಪಡೆಯ ವಾರಪತ್ರಿಕೆ ಏಪ್ರಿಲ್‌ನಲ್ಲಿ ಕಥೆ ಬರೆದ ಜೆರ್ರಿ ಸೀಗಲ್ ಮೇಲೆ ಯಹೂದಿ ಅಂತ ವಿಷ ಕಾರಿತು. ಎರಡು ಪುಟದ ಮಕ್ಕಳ ಕಥೆಗೆ ಹಿಟ್ಲರನ ಪಡೆಯ ಪತ್ರಿಕೆ ಉತ್ತರ ಬರೀಬೇಕಾಯ್ತು ಅಂದ್ರೆ ಬಾಣ ಎಲ್ಲಿ ನಾಟಿತ್ತು ನೋಡಿ.

ಹಾಗಾಗಿ ನನ್ನ ಪ್ರಕಾರ ಆ ಕವರ್‌ನ ಪ್ರೊಪಗಾಂಡಾ ಅನ್ನೋ ಬದಲು ಪ್ರತಿಭಟನೆ ಅನ್ನೋದೇ ಸರಿ. ಕರ್ಬಿ ಆಮೇಲೆ ಸೈನ್ಯಕ್ಕೂ ಹೋದ, 1944ರಲ್ಲಿ ನಾರ್ಮಂಡಿಯಲ್ಲಿ ಇಳಿದು ಪದಾತಿ ದಳದಲ್ಲಿ ಹೋರಾಡಿ ಚಳಿಗಾಲದ ಹಿಮಕ್ಕೆ ಕಾಲು ಕೆಟ್ಟು ಆಸ್ಪತ್ರೆ ಸೇರಿದ.

ಪುಟಗೆರೆ:
ಮೇಲಿನವರು ಹೇಳಿದ್ದು ಆ ಒಂದು ಕವರ್ ಮಟ್ಟಿಗೆ ಸರಿ, ಆದ್ರೆ ಅಲ್ಲಿಗೇ ನಿಲ್ಲಿಸಿದ್ರೆ ಅರ್ಧ ಕಥೆ. ಯುದ್ಧ ಶುರುವಾದ್ಮೇಲೆ ಸರ್ಕಾರದ ಕೈ ಬಂದೇ ಬಂತು, ಆದ್ರೆ ನೇರವಾಗಿ ಅಲ್ಲ. ರೈಟರ್ಸ್ ವಾರ್ ಬೋರ್ಡ್ ಅಂತ ಒಂದಿತ್ತು, ಪತ್ತೇದಾರಿ ಕಾದಂಬರಿಕಾರ ರೆಕ್ಸ್ ಸ್ಟೌಟ್ ಅದರ ಅಧ್ಯಕ್ಷ. ನೋಡೋಕೆ ಲೇಖಕರ ಸ್ವಯಂಸೇವಾ ಸಂಘ, ಆದ್ರೆ ಆಫೀಸ್ ನಡೆಯೋಕೆ ದುಡ್ಡು ಬರ್ತಿದ್ದದ್ದು ಸರ್ಕಾರದಿಂದ. ಇವರು ಕಾಮಿಕ್ಸಿಗೇ ಅಂತ 1943ರಲ್ಲಿ ಒಂದು ಸಮಿತಿ ಮಾಡಿ ಪ್ರಕಾಶಕರಿಗೆ ಕಥೆ ಹೀಗಿರಲಿ ಹಾಗಿರಲಿ ಅಂತ ಸೂಚನೆ ಕೊಡ್ತಿದ್ರು. ಸರ್ಕಾರಿ ಮೊಹರು ಎಲ್ಲೂ ಕಾಣ್ತಿರ್ಲಿಲ್ಲ, ಓದೋ ಹುಡುಗನಿಗೆ ಇದು ತನ್ನ ಹೀರೋನೇ ಹೇಳ್ತಿರೋ ಮಾತು. ಗೋಡೆ ಮೇಲಿನ ಪೋಸ್ಟರ್ ನೋಡಿದ್ರೆ ಯಾರಿಗಾದ್ರೂ ಇದು ಪ್ರಚಾರ ಅಂತ ಗೊತ್ತಾಗುತ್ತೆ, ಕಥೆ ಒಳಗೆ ಬೆರೆಸಿ ಕೊಟ್ರೆ ಗೊತ್ತಾಗಲ್ಲ.

ಒಂದು ಉದಾಹರಣೆ ಹೇಳ್ತೀನಿ. ಮೊದಮೊದಲು ಬಹಳಷ್ಟು ಕಥೆಗಳಲ್ಲಿ ನಾಜಿ ನಾಯಕರು ಕೆಟ್ಟವರು, ಸಾಮಾನ್ಯ ಜರ್ಮನ್ನರು ಮೋಸಹೋದ ಪಾಪದವರು ಅನ್ನೋ ಹಾಗಿತ್ತು. ಬೋರ್ಡಿಗೆ ಅದು ಸಾಕಾಗ್ಲಿಲ್ಲ, ಇಡೀ ಜರ್ಮನ್ ಜನಾಂಗವೇ ಹೊಣೆ ಅನ್ನಿಸ್ಬೇಕಿತ್ತು. 1945ರ ಆಲ್ ಸ್ಟಾರ್ ಕಾಮಿಕ್ಸ್ 24ನೇ ಸಂಚಿಕೆ ನೋಡಿ, ಜರ್ಮನಿ ಶತಮಾನಗಳಿಂದ್ಲೂ ಯುದ್ಧಕೋರ ದೇಶ ಅಂತ ಇತಿಹಾಸದ ಪಾಠದ ಥರ ತೋರಿಸ್ತಾರೆ. ಇದನ್ನ ಪ್ರತಿಭಟನೆ ಅನ್ನೋಕೆ ನನಗಂತೂ ಆಗಲ್ಲ.

ಮಸಿಕುಡಿಕೆ:
ಇಬ್ಬರಿಗೂ ಥ್ಯಾಂಕ್ಸ್. ಮಕ್ಕಳ ವಿಷಯ ಇನ್ನೂ ಯಾರೂ ಹೇಳಿಲ್ಲ. ಆಮೇಲೆ ಸೂಪರ್‌ಮ್ಯಾನ್ ಅಷ್ಟು ಬಲಶಾಲಿ ಆಗಿದ್ರೆ ಯುದ್ಧ ಒಂದೇ ದಿನದಲ್ಲಿ ಮುಗಿಸ್ಬಹುದಿತ್ತಲ್ಲ, ಅದನ್ನ ಹೇಗೆ ಮ್ಯಾನೇಜ್ ಮಾಡಿದ್ರು?

ಹತ್ತುಸೆಂಟು:
ಸೂಪರ್‌ಮ್ಯಾನ್ ವಿಷಯ ಮೊದಲು ಹೇಳ್ಬಿಡ್ತೀನಿ. 1942ರ ದಿನಪತ್ರಿಕೆ ಸ್ಟ್ರಿಪ್‌ನಲ್ಲಿ ಕ್ಲಾರ್ಕ್ ಕೆಂಟ್ ಸೈನ್ಯಕ್ಕೆ ಸೇರೋಕೆ ಹೋಗ್ತಾನೆ, ಕಣ್ಣಿನ ಪರೀಕ್ಷೆಯಲ್ಲಿ ಅವನ ಎಕ್ಸ್‌ರೇ ದೃಷ್ಟಿ ಗೋಡೆ ದಾಟಿ ಪಕ್ಕದ ರೂಮಿನ ಅಕ್ಷರದ ಚಾರ್ಟ್ ಓದಿಬಿಡುತ್ತೆ, ಫೇಲ್ ಅಂತ ವಾಪಸ್ ಕಳಿಸ್ತಾರೆ. ಇದರ ಹಿಂದೆ ಗಂಭೀರ ಕಾರಣ ಇದೆ. ಓದೋ ಹುಡುಗನ ಅಣ್ಣ ನಿಜವಾಗ್ಲೂ ಎಲ್ಲೋ ಸಾಯ್ತಿರುವಾಗ ಕಾಗದದ ಹೀರೋ ಬಂದು ಯುದ್ಧ ಗೆದ್ದುಬಿಟ್ರೆ ಆ ಅಣ್ಣನ ಸಾವಿಗೆ ಅವಮಾನ ಮಾಡಿದ ಹಾಗಲ್ವಾ. ಅದಕ್ಕೇ ಅವನನ್ನ ಹೆಚ್ಚಾಗಿ ಊರಲ್ಲೇ ಉಳಿಸಿಕೊಂಡ್ರು, ಗೂಢಚಾರರನ್ನ ಹಿಡಿಯೋದು, ಫ್ಯಾಕ್ಟರಿಗೆ ಬಾಂಬ್ ಇಡೋರನ್ನ ತಡೆಯೋದು, ಯುದ್ಧಕ್ಕೆ ಸರ್ಕಾರಕ್ಕೆ ಸಾಲ ಕೊಡೋ ಬಾಂಡ್ ಕೊಳ್ಳಿ ಅಂತ ಹೇಳೋದು. ಕವರ್‌ಗಳ ಮೇಲೆ ಮಾತ್ರ ಟ್ಯಾಂಕು, ಸಬ್‌ಮರೀನು, ಎಲ್ಲಾ ಇರ್ತಿತ್ತು.

ಈಗ ಮಕ್ಕಳು. ನನಗೆ ತುಂಬಾ ಹತ್ತಿರದ ವಿಷಯ ಇದು. ಕಾಮಿಕ್ಸ್ ಬೆಲೆ 10 ಸೆಂಟು. ಯುದ್ಧನಿಧಿಗೆ ಮಕ್ಕಳು ಸ್ಕೂಲಲ್ಲಿ ಕೊಳ್ತಿದ್ದ ಅತಿ ಚಿಕ್ಕ ಸ್ಟ್ಯಾಂಪ್ ಬೆಲೆನೂ 10 ಸೆಂಟು. ಅಂದ್ರೆ ಜೇಬಲ್ಲಿ ಒಂದೇ ನಾಣ್ಯ ಇರೋ ಮಗುಗೆ ಒಂದು ಕಾಮಿಕ್ಸ್ ಅಥವಾ ಒಂದು ಸ್ಟ್ಯಾಂಪ್, ಎರಡೂ ಸಿಗಲ್ಲ, ಮತ್ತೆ ಸ್ಟ್ಯಾಂಪ್ ತಗೋ ಅಂತ ಹೇಳ್ತಿರೋದು ಆ ಕಾಮಿಕ್ಸೇ! ದೊಡ್ಡ ಸ್ಟ್ಯಾಂಪ್ 25 ಸೆಂಟಿಂದು, ಅಂಥ 75 ಸ್ಟ್ಯಾಂಪನ್ನ ಆಲ್ಬಮ್‌ಗೆ ಅಂಟಿಸಿದ್ರೆ 18 ಡಾಲರ್ 75 ಸೆಂಟು ಆಗುತ್ತೆ, ಅದನ್ನ ಕೊಟ್ರೆ ಒಂದು ಬಾಂಡು, ಹತ್ತು ವರ್ಷ ಆದ್ಮೇಲೆ ಅದಕ್ಕೆ 25 ಡಾಲರ್ ವಾಪಸ್. 1943ರ ವರ್ಲ್ಡ್ಸ್ ಫೈನೆಸ್ಟ್ 9ನೇ ಸಂಚಿಕೆ ಕವರ್‌ನಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ರಾಬಿನ್ ಮೂರೂ ಜನ ಜಾತ್ರೆ ಆಟದ ಥರ ಹಿಟ್ಲರ್, ಮುಸೊಲಿನಿ, ಜಪಾನಿನ ನಾಯಕ ಇವರ ತಲೆಗಳಿಗೆ ಬೇಸ್‌ಬಾಲ್ ಎಸೀತಿರ್ತಾರೆ, ಜೊತೆಗೆ ಬಾಂಡು ಸ್ಟ್ಯಾಂಪು ಕೊಳ್ಳಿ ಅನ್ನೋ ಮಾತು. ಚೆಂಡು ಎಸೆಯೋದು ಯಾವ ಮಗುಗೆ ಬರಲ್ಲ ಹೇಳಿ, ಆ ಕವರ್ ಮಗು ಕೈಗೇ ಚೆಂಡು ಕೊಟ್ಟ ಹಾಗಿದೆ.

ರದ್ದಿ ಪೇಪರ್ ಸಂಗ್ರಹನೂ ಹಾಗೇ. ಪೇಪರ್ ಯುದ್ಧಕ್ಕೆ ಬೇಕು, ಮನೆಮನೆ ತಿರುಗಿ ಒಟ್ಟುಮಾಡಿ ಅಂತ ಕಾಮಿಕ್ಸೇ ಕರೆ ಕೊಡ್ತಿತ್ತು, ಮಕ್ಕಳು ಹಳೇ ಪತ್ರಿಕೆ ಜೊತೆ ತಾವು ಓದಿ ಮುಗಿಸಿದ ಕಾಮಿಕ್ಸನ್ನೂ ಹಾಕಿಬಿಟ್ರು. ಆ ಕಾಲದ ಪ್ರತಿಗಳು ಇವತ್ತು ಇಷ್ಟು ಅಪರೂಪ ಆಗಿರೋದಕ್ಕೆ ಇದೂ ಒಂದು ಕಾರಣ. ಮೇಲೆ ಕೇಳಿದ್ರಲ್ಲ ಬರೀ ಖುಷಿಪಟ್ಟು ಸುಮ್ನಾದ್ರಾ ಅಂತ, ಇಲ್ಲ, ಹೇಳಿದ್ದನ್ನ ಮಾಡಿದ್ರು.

ಕಡಲಂಚು:
ಎಲ್ಲಾ ಓದ್ದೆ, ಚೆನ್ನಾಗಿದೆ, ಆದ್ರೆ ಜಪಾನೀಯರ ವಿಷಯ ಯಾರೂ ಎತ್ತದೇ ಇದ್ದದ್ದು ಬೇಜಾರಾಯ್ತು. ಹಿಟ್ಲರ್‌ನ ಬರೆದ್ರೆ ಅದು ಹಿಟ್ಲರ್, ಒಬ್ಬ ಮನುಷ್ಯ, ಮೀಸೆ ಕೂದಲು ಎಲ್ಲ ಅವನದೇ. ಜಪಾನೀಯರನ್ನ ಬರೆಯುವಾಗ ಹಳದಿ ಮೈ, ಕೋರೆಹಲ್ಲು, ಕೋತಿ ಅಥವಾ ಬಾವಲಿ ಥರದ ಮುಖ, ಒಬ್ಬನಿಗೂ ಇನ್ನೊಬ್ಬನಿಗೂ ವ್ಯತ್ಯಾಸ ಇಲ್ಲ. 1943ರ ಆಕ್ಷನ್ ಕಾಮಿಕ್ಸ್ 58ರ ಕವರ್‌ನಲ್ಲಿ ಸೂಪರ್‌ಮ್ಯಾನ್ ತಾನೇ ಪ್ರಿಂಟಿಂಗ್ ಮೆಷಿನ್ ತಿರುಗಿಸಿ ಪೋಸ್ಟರ್ ಅಚ್ಚು ಹಾಕ್ತಿದಾನೆ, ಬಾಂಡು ಕೊಂಡು ಜಪಾನೀಯನ ಕೆನ್ನೆಗೆ ಹೊಡಿ ಅಂತ, ಅದೂ ಬೈಗುಳದ ಪದ ಬಳಸಿ. ಸೂಪರ್‌ಮ್ಯಾನ್ ಬಾಯಲ್ಲಿ ಆ ಪದ ನೋಡಿದಾಗ ನನಗೆ ನಿಜವಾಗ್ಲೂ ಸಂಕಟ ಆಯ್ತು.

ಅದೇ ಕಾಲದಲ್ಲಿ ಏನಾಗ್ತಿತ್ತು ನೋಡಿ. 1942ರ ಫೆಬ್ರವರಿ 19ಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಆದೇಶ 9066ಕ್ಕೆ ಸಹಿ ಹಾಕಿದ್ರು, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನ ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತುಂಬಿದ್ರು, ಅವರಲ್ಲಿ ಮೂರನೇ ಎರಡು ಭಾಗ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಆ ಶಿಬಿರಗಳಲ್ಲೂ ಮಕ್ಕಳಿದ್ರು. ಹತ್ತುಸೆಂಟು ಅವರು ಹೇಳಿದ್ರಲ್ಲ ಗೂಢಚಾರರನ್ನ ಹಿಡಿಯೋ ಕಥೆಗಳು ಅಂತ, ಕ್ಯಾಪ್ಟನ್ ಅಮೆರಿಕ ಹೆಸರಲ್ಲಿ ಸೆಂಟಿನೆಲ್ಸ್ ಆಫ್ ಲಿಬರ್ಟಿ ಅಂತ ಮಕ್ಕಳ ಕ್ಲಬ್ಬೇ ಇತ್ತು, 10 ಸೆಂಟು ಕಳಿಸಿದ್ರೆ ಬ್ಯಾಡ್ಜು. ಪಕ್ಕದ ಮನೆಯವನೇ ಶತ್ರು ಇರ್ಬಹುದು ಅಂತ ತಿಂಗಳು ತಿಂಗಳು ಓದಿದ ಮಗು ಪಕ್ಕದ ಮನೆ ಜಪಾನಿ ಹುಡುಗನನ್ನ ಲಾರಿಗೆ ಹತ್ತಿಸಿದಾಗ ಏನು ಅಂದ್ಕೊಂಡಿರುತ್ತೆ? ಶಿಬಿರಗಳಿಗೆ ಕಾಮಿಕ್ಸೇ ಕಾರಣ ಅಂತ ನಾನು ಹೇಳ್ತಿಲ್ಲ, ಆ ದ್ವೇಷ ಅದಕ್ಕಿಂತ ತುಂಬಾ ಹಳೇದು. ಆದ್ರೆ ಅದನ್ನ ಮಕ್ಕಳಿಗೆ ಒಗ್ಗಿಸಿದ್ದು ಹೌದು.

ಹಳೇಸಂಚಿಕೆ:
ಕಡಲಂಚು ಅವರೇ, ಒಪ್ತೀನಿ. ಮೊದಲ ಉತ್ತರದಲ್ಲಿ ನಾನೇ ಇದನ್ನ ಹೇಳ್ಬೇಕಿತ್ತು. ಸೈಮನ್ ಕರ್ಬಿ ಜೋಡಿಯದೇ ಯಂಗ್ ಅಲೈಸ್ ಅನ್ನೋ 1941ರ ಕಾಮಿಕ್ಸಲ್ಲಿ ಒಬ್ಬ ಕರಿಯ ಹುಡುಗ ಇದಾನೆ, ದಪ್ಪ ತುಟಿ, ಪೆದ್ದು ಮಾತು, ನೋಡೋಕಾಗಲ್ಲ. ಹಿಟ್ಲರನ ಜನಾಂಗ ದ್ವೇಷಕ್ಕೆ ಗುದ್ದು ಕೊಟ್ಟ ಕಾಮಿಕ್ಸ್ ಮಂದಿನೇ ಇದನ್ನೂ ಮಾರಿದ್ರು. ಎರಡನ್ನೂ ಒಟ್ಟಿಗೇ ನೋಡ್ಬೇಕು.

ಪುಟಗೆರೆ:
ಅಮೆರಿಕದ ಪಕ್ಕದಲ್ಲೇ ಇನ್ನೊಂದು ಥರ ಆಯ್ತು, ಚಿಕ್ಕದಾಗಿ ಹೇಳ್ತೀನಿ. ಕೆನಡಾ 1940ರ ಡಿಸೆಂಬರ್‌ನಲ್ಲಿ ಡಾಲರ್ ಉಳಿಸೋಕೆ ಅಂತ ಕಾನೂನು ತಂದು ಅಗತ್ಯ ಇಲ್ಲದ ಆಮದು ನಿಲ್ಲಿಸ್ತು, ಅದರಲ್ಲಿ ಅಮೆರಿಕದ ಕಾಮಿಕ್ಸೂ ಹೋಯ್ತು. ಮಕ್ಕಳಿಗೆ ಓದೋಕೆ ಏನೂ ಇಲ್ಲ ಅಂತ ಅಲ್ಲಿಯವರೇ ಒಳಪುಟ ಕಪ್ಪುಬಿಳುಪಿನಲ್ಲಿ ತಮ್ಮದೇ ಕಾಮಿಕ್ಸ್ ಶುರು ಮಾಡಿದ್ರು, ನೆಲ್ವಾನಾ, ಜಾನಿ ಕನಕ್ ಅನ್ನೋ ಹೀರೋ ಪಾತ್ರಗಳೆಲ್ಲಾ ಬಂದಿದ್ದು ಹಾಗೆ. ಜಾನಿ ಕನಕ್‌ಗೆ ಯಾವ ಮಾಯಾಶಕ್ತಿನೂ ಇಲ್ಲ, ಬರೀ ಗಟ್ಟಿಮುಟ್ಟಾದ ಪೈಲಟ್, ಆದ್ರೂ ಹಿಟ್ಲರ್ ಎದುರು ನಿಲ್ತಾನೆ. ಇಲ್ಲಿ ಸರ್ಕಾರ ಕಥೆ ಬರೆಸ್ಲಿಲ್ಲ, ಬಾಗಿಲು ಮುಚ್ಚಿದ್ದಷ್ಟೇ.

ಮಸಿಕುಡಿಕೆ:
ನಾನು ಒಂದು ಕವರ್ ಬಗ್ಗೆ ಕೇಳಿದ್ದೆ, ನೀವು ಇಷ್ಟೊಂದು ಹೇಳಿದ್ರಿ. ಒಂದೇ ಒಂದು ಉಳೀತು: ಆ ಮಕ್ಕಳಲ್ಲಿ ಯಾರಾದ್ರೂ ಇದು ತಪ್ಪು ಅಂತ ತಿರುಗಿ ಹೇಳಿದ್ದುಂಟಾ?

ಹತ್ತುಸೆಂಟು:
ಉಂಟು. ಕ್ಯಾಪ್ಟನ್ ಮಾರ್ವೆಲ್ ಕಥೆಗಳಲ್ಲಿ ಸ್ಟೀಮ್‌ಬೋಟ್ ಅಂತ ಒಬ್ಬ ಕರಿಯ ಆಳು ಇದ್ದ, ಹಳೇಸಂಚಿಕೆ ಹೇಳಿದ ಥರದ್ದೇ ಚಿತ್ರ. 1945ರಲ್ಲಿ ನ್ಯೂಯಾರ್ಕಿನ ಶಾಲಾ ಮಕ್ಕಳ ಒಂದು ಗುಂಪು ಆ ಕಥೆಗಳನ್ನ ತರ್ತಿದ್ದ ಫಾಸೆಟ್ ಪ್ರಕಾಶನದ ಸಂಪಾದಕರ ಹತ್ರಾನೇ ಹೋಗಿ, ಆ ಪಾತ್ರದ ಚಿತ್ರ ಮುಂದಿಟ್ಟು, ಕರಿಯರು ಹೀಗಿರಲ್ಲ, ಆದ್ರೆ ನಿಮ್ಮ ಲಕ್ಷಾಂತರ ಓದುಗರು ಹೀಗೇ ಅಂತ ನಂಬ್ತಾರೆ ಅನ್ನೋ ಅರ್ಥದ ಮಾತು ಹೇಳಿದ್ರು. ಆಮೇಲೆ ಆ ಪಾತ್ರ ಮತ್ತೆ ಬರಲಿಲ್ಲ.