ಸಹಾಯ ಬೇಕು: ಹಳೆಯ ಐಫೋನ್ 7 ಅನ್ನು ಜೈಲ್‌ಬ್ರೇಕ್ ಮಾಡಲೇ, ಬೇಡವೇ?

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2016ರ ಐಫೋನ್ 7 ಇದೆ. ಗಾಜಿನ ಮೂಲೆಯ ಸೀಳೊಂದನ್ನು ಬಿಟ್ಟರೆ ಇನ್ನೂ ಗಟ್ಟಿಮುಟ್ಟು. ಆದರೆ ಐಓಎಸ್ 15ಕ್ಕೇ ನಿಂತುಹೋಗಿರುವುದರಿಂದ ಒಂದೊಂದೇ ಆ್ಯಪ್ ಕೈಕೊಡುತ್ತಿದೆ. 2019ರಲ್ಲಿ ಬಯಲಾದ ಚೆಕ್‌ಎಮ್8 (checkm8) ಎಂಬ ಭದ್ರತಾ ದೋಷ ಈ ಫೋನಿನ ಚಿಪ್‌ನೊಳಗೇ ಇರುವುದರಿಂದ ಆಪಲ್ ಅದನ್ನು ಅಪ್‌ಡೇಟ್ ಕೊಟ್ಟು ಮುಚ್ಚಲಾರದು. ಹಾಗಾಗಿ ಆ ದೋಷವನ್ನೇ ಬಳಸುವ ಪಾಲೆರೈನ್ (palera1n) ಎಂಬ ತಂತ್ರಾಂಶದಿಂದ ಜೈಲ್‌ಬ್ರೇಕ್ ಮಾಡಿ, ಅಂದರೆ ಫೋನಿಗೆ ಆಪಲ್ ಹಾಕಿರುವ ನಿರ್ಬಂಧಗಳ ಬೀಗ ಒಡೆದು, ಆಪಲ್ ಒಪ್ಪದ ಆ್ಯಪ್‌ಗಳನ್ನೂ ಹಾಕಿಕೊಳ್ಳುವ ಆಸೆ.

ಹಿಂಜರಿಕೆಯೂ ಇದೆ. ಫೋನ್ ಆಫ್ ಆಗಿ ಆನ್ ಆದಾಗಲೆಲ್ಲ ಕಂಪ್ಯೂಟರಿಗೆ ಸಿಕ್ಕಿಸಿ ಮತ್ತೆ ಜೈಲ್‌ಬ್ರೇಕ್ ಮಾಡಬೇಕು. ಬೀಗವನ್ನು ನಾವೇ ಒಡೆದ ಮೇಲೆ ಕಳ್ಳನಿಗೂ ದಾರಿ ಸಲೀಸು. ಜೈಲ್‌ಬ್ರೇಕ್ ಪತ್ತೆಯಾದರೆ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಚೀಲದ ತುಂಬ ತರಕಾರಿ ತುಂಬಿಸಿಕೊಂಡು ದುಡ್ಡು ಕೊಡಲಾಗದೆ ನಿಲ್ಲುವ ಪಾಡು ನನಗಂತೂ ಬೇಡ.

ಇದೇ ಫೋನಿನಲ್ಲಿ ಮಾಡಿ ನೋಡಿದವರು ಇದ್ದೀರಾ? ಯುಪಿಐ ನಡೆಯುತ್ತಿದೆಯೇ? ಬೇಡವೆನಿಸಿದರೆ ಫೋಟೋಗಳು ಅಳಿಯದಂತೆ ಮೊದಲಿನ ಸ್ಥಿತಿಗೆ ತರಬಹುದೇ?